ಹಾರ್ಟ್ ಅಟ್ಯಾಕ್‌ಗೆ ಹೃದಯ ಪಂಪ್: ಬಸವಕಲ್ಯಾಣ, ಹುಮನಾಬಾದ್ ಜನರಿಗೆ ಉಪಯೋಗ ಎಷ್ಟು? ತಾಲ್ಲೂಕಿನಲ್ಲಿ ಮೊದಲು ಆಗಬೇಕಾದದ್ದು ಏನು?

ಬಸವಕಲ್ಯಾಣ/ಹುಮನಾಬಾದ್: ಹಾರ್ಟ್ ಅಟ್ಯಾಕ್ ಆಗಿ ಬಿಪಿ ಪೂರ್ತಿ ಕುಸಿದು ಹೋದ ರೋಗಿಯ ಹೃದಯದೊಳಗೆ ಪೆನ್ಸಿಲ್‌ಗಿಂತ ತೆಳ್ಳಗಿನ ಒಂದು ಪಂಪ್ ಇಟ್ಟು ಜೀವ ಉಳಿಸಬಹುದು ಎಂಬ ಮಾತು ಈಗ ದೊಡ್ಡ ಊರಿನ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುತ್ತಿದೆ. ತೊಡೆಯ ರಕ್ತನಾಳದಿಂದ ಒಳಗೆ ಕಳಿಸುವ ಈ ಯಂತ್ರದ ಹೆಸರು ಇಂಪೆಲ್ಲಾ. ಹೈದರಾಬಾದಿಗೋ ಬೆಂಗಳೂರಿಗೋ ರೋಗಿಯನ್ನು ಒಯ್ದ ಮನೆಯವರಿಗೆ ಐಸಿಯು ಬಾಗಿಲಲ್ಲಿ "ಮಷೀನ್ ಹಾಕಬೇಕು, ಖರ್ಚು ಆಗ್ತದ, ಬೇಗ ಹೇಳ್ರಿ" ಎಂದು ಕೇಳಿದರೆ ಉತ್ತರ ಕೊಡಲು ಐದು ನಿಮಿಷವೂ ಸಿಗುವುದಿಲ್ಲ. ಯಂತ್ರ ಏನು, ಅದು ಯಾರಿಗೆ ಕೆಲಸಕ್ಕೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎನ್ನುವುದು ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಇದಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ. ಇಂಥ ಪಂಪ್ ಇರುವ ಆಸ್ಪತ್ರೆಯ ಬಾಗಿಲಿಗೆ ನಮ್ಮ ಎರಡು ತಾಲ್ಲೂಕುಗಳ ರೋಗಿ ಯಾವ ಸ್ಥಿತಿಯಲ್ಲಿ, ಎಷ್ಟು ಗಂಟೆ ತಡವಾಗಿ ಮುಟ್ಟುತ್ತಾನೆ? ಯಂತ್ರಗಳ ಮೇಲೆ ನಡೆದ ಅಧ್ಯಯನಗಳನ್ನೂ ನಮ್ಮ ರಸ್ತೆಯ ಲೆಕ್ಕವನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಹೆಚ್ಚಿನ ಜೀವಗಳ ತೀರ್ಮಾನ ಆಗುವುದು ದೊಡ್ಡ ಊರಿನ ಐಸಿಯುನಲ್ಲಿ ಅಲ್ಲ, ತಾಲ್ಲೂಕಿನಲ್ಲೇ, ಮೊದಲ ಒಂದೆರಡು ಗಂಟೆಯಲ್ಲಿ.

ಶಾಕ್ ಅಂದ್ರೆ ಏನು?

ಇಲ್ಲಿ ಶಾಕ್ ಅಂದರೆ ಕರೆಂಟ್ ಹೊಡೆಯುವುದೂ ಅಲ್ಲ, ಸುದ್ದಿ ಕೇಳಿ ಗಾಬರಿ ಆಗುವುದೂ ಅಲ್ಲ. ವೈದ್ಯರು ಇದಕ್ಕೆ ಕಾರ್ಡಿಯೋಜೆನಿಕ್ ಶಾಕ್ ಎನ್ನುತ್ತಾರೆ. ಹೃದಯದ ಮಾಂಸಖಂಡಕ್ಕೆ ರಕ್ತ ಒಯ್ಯುವ ನಾಳ ಮುಚ್ಚಿಕೊಂಡು ಆ ಭಾಗ ಸಾಯಲು ಶುರುವಾಗುತ್ತದೆ. ಸತ್ತ ಭಾಗ ದೊಡ್ಡದಾದರೆ ಹೃದಯ ಬಡಿಯುತ್ತಿದ್ದರೂ ರಕ್ತ ಎತ್ತುವ ಶಕ್ತಿ ಇರುವುದಿಲ್ಲ. ಹೊಲದ ಬೋರ್‌ನಲ್ಲಿ ವೋಲ್ಟೇಜ್ ಬಿದ್ದಾಗ ಮೋಟಾರ್ ಗುಂಯ್ ಎನ್ನುತ್ತಿದ್ದರೂ ಪೈಪಿನ ತುದಿಗೆ ನೀರು ಬಾರದಂತೆ. ಆರಾಮಾಗಿ ಕುಳಿತ ಮನುಷ್ಯನ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಅದು ಅರ್ಧಕ್ಕೆ ಇಳಿದರೆ ಮೂತ್ರಪಿಂಡ, ಲಿವರ್, ಮೆದುಳು ಎಲ್ಲವೂ ಒಂದೊಂದಾಗಿ ಕೈಕೊಡುತ್ತವೆ.

ಹಾರ್ಟ್ ಅಟ್ಯಾಕ್ ಆದ ನೂರು ಜನರಲ್ಲಿ ಸುಮಾರು 5ರಿಂದ 10 ಜನರಿಗೆ ಈ ಸ್ಥಿತಿ ಬರುತ್ತದೆ. ಹಾಗೆ ಶಾಕ್‌ಗೆ ಹೋದವರಲ್ಲಿ ಮುಂದುವರಿದ ದೇಶಗಳ ಒಳ್ಳೆಯ ಆಸ್ಪತ್ರೆಗಳಲ್ಲೂ ಹತ್ತಿರ ಹತ್ತಿರ ಅರ್ಧದಷ್ಟು ಜನ ಉಳಿಯುವುದಿಲ್ಲ.

ಲಕ್ಷಣಗಳನ್ನು ಮನೆಯವರೂ ಗುರುತಿಸಬಹುದು. ಕೈಕಾಲು ತಣ್ಣಗಾಗುತ್ತವೆ, ಮೈ ಜಿಗಟು ಬೆವರು ಬಿಡುತ್ತದೆ, ಮುಖ ಬಿಳಚಿಕೊಳ್ಳುತ್ತದೆ. ನಾಡಿ ಸಣ್ಣಗೆ ಓಡುತ್ತದೆ. ಮೇಲಿನ ಬಿಪಿ 90ರ ಕೆಳಗೆ ಇಳಿಯುತ್ತದೆ. ಉಸಿರು ಕಟ್ಟುತ್ತದೆ, ಮಾತು ತಡವರಿಸುತ್ತದೆ, ಮೂತ್ರ ನಿಲ್ಲುತ್ತದೆ. ಇವು ಕಂಡರೆ ಆ ರೋಗಿ ಬರೀ ಎದೆನೋವಿನ ರೋಗಿ ಅಲ್ಲ. ಅವನಿಗೆ ಬೇರೆಯದೇ ವೇಗದ ಚಿಕಿತ್ಸೆ ಬೇಕು.

ಮೂರು ಯಂತ್ರಗಳು, ಮೂರು ಫಲಿತಾಂಶ

ಸೋತ ಹೃದಯಕ್ಕೆ ಹೊರಗಿನಿಂದ ಬಲ ಕೊಡುವ ಪ್ರಯತ್ನ 1960ರ ದಶಕದಿಂದಲೂ ನಡೆದಿದೆ. ಇವತ್ತು ಮುಖ್ಯವಾಗಿ ಮೂರು ಬಗೆಯ ಯಂತ್ರಗಳಿವೆ.

ಮೊದಲನೆಯದು ಬಲೂನ್ ಪಂಪ್. ತೊಡೆಯಿಂದ ಮಹಾಧಮನಿಗೆ ಒಂದು ಉದ್ದನೆಯ ಬಲೂನ್ ಕಳಿಸುತ್ತಾರೆ. ಹೃದಯ ವಿಶ್ರಾಂತಿ ತಗೊಳ್ಳುವಾಗ ಅದು ಉಬ್ಬುತ್ತದೆ, ಹೃದಯ ಒತ್ತುವಾಗ ಕುಗ್ಗುತ್ತದೆ. ದಶಕಗಳ ಕಾಲ ಶಾಕ್ ರೋಗಿಗೆ ಬಲೂನ್ ಹಾಕುವುದೇ ರೂಢಿ ಆಗಿತ್ತು. 2012ರಲ್ಲಿ ಜರ್ಮನಿಯಲ್ಲಿ 600 ರೋಗಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ ಬಂತು. ಬಲೂನ್ ಹಾಕಿದವರಲ್ಲಿ ಒಂದು ತಿಂಗಳೊಳಗೆ ತೀರಿಕೊಂಡವರು ಶೇ 39.7, ಹಾಕದವರಲ್ಲಿ ಶೇ 41.3. ಅಂದರೆ ಹೆಚ್ಚೂಕಮ್ಮಿ ಒಂದೇ. ಅಷ್ಟು ವರ್ಷದ ನಂಬಿಕೆ ಒಂದೇ ಅಧ್ಯಯನದಲ್ಲಿ ಅಲುಗಾಡಿತು.

ಎರಡನೆಯದು ಎಕ್ಮೋ. ಕೋವಿಡ್ ಸಮಯದಲ್ಲಿ ಈ ಹೆಸರು ಎಲ್ಲರ ಬಾಯಲ್ಲೂ ಇತ್ತು. ರಕ್ತವನ್ನು ದೇಹದಿಂದ ಹೊರಗೆ ಎಳೆದು, ಆಮ್ಲಜನಕ ಸೇರಿಸಿ, ಮತ್ತೆ ಒಳಗೆ ತಳ್ಳುವ ಯಂತ್ರ ಅದು. ಶಾಕ್‌ಗೆ ಹೋದ ಹಾರ್ಟ್ ಅಟ್ಯಾಕ್ ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಎಕ್ಮೋ ಹಾಕಿದವರಲ್ಲಿ ಒಂದು ತಿಂಗಳಲ್ಲಿ ಶೇ 47.8 ಸಾವು, ಹಾಕದವರಲ್ಲಿ ಶೇ 49. ಇಲ್ಲೂ ಲಾಭ ಸಿಗಲಿಲ್ಲ. ಜೊತೆಗೆ ಹೆಚ್ಚಿನ ರಕ್ತಸ್ರಾವ, ಕಾಲಿಗೆ ರಕ್ತ ಹೋಗದೆ ಇರುವ ತೊಂದರೆ ಎರಡೂ ಎಕ್ಮೋ ಹಾಕಿದವರಲ್ಲೇ ಎರಡು ಪಟ್ಟಿಗೂ ಜಾಸ್ತಿ ಕಂಡವು.

ಮೂರನೆಯದೇ ಇಂಪೆಲ್ಲಾ. ಇದರ ತುದಿಯಲ್ಲಿರುವ ಸಣ್ಣ ಫ್ಯಾನ್ ಹೃದಯದ ಎಡ ಕೋಣೆಯಿಂದ ರಕ್ತ ಹೀರಿ ಮಹಾಧಮನಿಗೆ ಬಿಡುತ್ತದೆ. ಬಲೂನ್ ಹೃದಯಕ್ಕೆ ಕೈಹಿಡಿದು ಸಹಾಯ ಮಾಡಿದರೆ, ಇದು ಹೃದಯದ ಕೆಲಸವನ್ನೇ ಬಹಳಷ್ಟು ವಹಿಸಿಕೊಳ್ಳುತ್ತದೆ. ಡೆನ್ಮಾರ್ಕ್, ಜರ್ಮನಿ, ಬ್ರಿಟನ್ ವೈದ್ಯರು ಸೇರಿ ನಡೆಸಿದ ಡೇಂಜರ್ ಶಾಕ್ ಎಂಬ ಅಧ್ಯಯನದ ಫಲಿತಾಂಶ 2024ರ ಏಪ್ರಿಲ್‌ನಲ್ಲಿ ಬಂತು. ಆರು ತಿಂಗಳ ಲೆಕ್ಕದಲ್ಲಿ ಪಂಪ್ ಹಾಕಿದವರಲ್ಲಿ ಶೇ 45.8 ಸಾವು, ಹಾಕದವರಲ್ಲಿ ಶೇ 58.5. ಎಂಟು ರೋಗಿಗಳಿಗೆ ಪಂಪ್ ಹಾಕಿದರೆ ಒಂದು ಜೀವ ಹೆಚ್ಚುವರಿಯಾಗಿ ಉಳಿಯಿತು. ಈ ರೋಗಿಗಳಲ್ಲಿ ಯಂತ್ರವೊಂದು ಜೀವ ಉಳಿಸಿದ್ದು ದೊಡ್ಡ ಅಧ್ಯಯನದಲ್ಲಿ ಸಾಬೀತಾದದ್ದು ಇದೇ ಮೊದಲು.

ಸುದ್ದಿಯಲ್ಲಿ ಬಾರದ ಇನ್ನೊಂದು ಮುಖ

ಈ ಅಂಕಿಯನ್ನು ಹಿಡಿದು "ಮಷೀನ್ ಹಾಕಿದ್ರ ಉಳೀತಾರ" ಅಂದುಕೊಂಡರೆ ತಪ್ಪಾಗುತ್ತದೆ. ಮೂರು ವಿಷಯ ಗಮನಿಸಬೇಕು.

ಒಂದು, ಆ ಅಧ್ಯಯನಕ್ಕೆ ರೋಗಿಗಳನ್ನು ಸೇರಿಸಲು ಹತ್ತು ವರ್ಷ ಹಿಡಿಯಿತು, ಸಿಕ್ಕವರು ಸುಮಾರು 360 ಜನ ಮಾತ್ರ. ಅಷ್ಟು ಆರಿಸಿ ಆರಿಸಿ ತಗೊಂಡಿದ್ದರು. ಮನೆಯಲ್ಲೋ ದಾರಿಯಲ್ಲೋ ಹೃದಯ ನಿಂತು, ಎದೆ ಒತ್ತಿ ಮರಳಿ ಬಡಿತ ಬಂದರೂ ಪ್ರಜ್ಞೆ ಬಾರದವರನ್ನು ಬಿಟ್ಟಿದ್ದರು. ಹೃದಯದ ಬಲಭಾಗವೇ ಸೋತವರನ್ನೂ ಬಿಟ್ಟಿದ್ದರು. ಅಂಥವರಿಗೆ ಈ ಲಾಭದ ಅಂಕಿ ಅನ್ವಯ ಆಗುವುದಿಲ್ಲ.

ಎರಡು, ಪಂಪ್‌ಗೆ ತನ್ನದೇ ಆದ ತೊಂದರೆಗಳಿವೆ. ಜೋರು ರಕ್ತಸ್ರಾವ, ಕಾಲಿನ ರಕ್ತ ಸಂಚಾರ ನಿಲ್ಲುವುದು, ರಕ್ತಕಣ ಒಡೆಯುವುದು ಇಂಥ ತೊಂದರೆಗಳು ಪಂಪ್ ಹಾಕಿದವರಲ್ಲಿ ಶೇ 24 ಜನರಿಗೆ ಬಂದವು. ಹಾಕದವರಲ್ಲಿ ಶೇ 6.2. ಡಯಾಲಿಸಿಸ್ ಬೇಕಾದವರ ಸಂಖ್ಯೆಯೂ ಪಂಪ್ ಹಾಕಿದವರಲ್ಲೇ ಜಾಸ್ತಿ, ಶೇ 41.9ರಷ್ಟು. ಆದ್ದರಿಂದ ವರ್ಷದಲ್ಲಿ ಎಲ್ಲೋ ಒಂದೆರಡು ಬಾರಿ ಪಂಪ್ ಹಾಕುವ ಆಸ್ಪತ್ರೆಗೂ, ಪಳಗಿದ ತಂಡ ಇರುವ ಆಸ್ಪತ್ರೆಗೂ ವ್ಯತ್ಯಾಸ ಇದೆ.

ಮೂರು, ಪಂಪ್ ಒಂದೇ ಚಿಕಿತ್ಸೆ ಅಲ್ಲ. ಅದು ಮುಚ್ಚಿದ ನಾಳವನ್ನು ತೆರೆಯುವುದಿಲ್ಲ. ಸ್ಟೆಂಟ್ ಹಾಕಿ ನಾಳ ತೆರೆಯುವವರೆಗೆ, ತೆರೆದ ಮೇಲೆ ಹೃದಯ ಚೇತರಿಸಿಕೊಳ್ಳುವವರೆಗೆ ದೇಹವನ್ನು ಹಿಡಿದಿಡುತ್ತದೆ ಅಷ್ಟೇ. ಶಾಕ್ ರೋಗಿಗೆ ತುರ್ತಾಗಿ ನಾಳ ತೆರೆದರೆ ಉಪಯೋಗ ಇದೆ ಎಂಬುದು 1999ರಲ್ಲೇ ಗೊತ್ತಾಗಿತ್ತು. ಅಮೆರಿಕದ ವೈದ್ಯೆ ಜುಡಿತ್ ಹಾಕ್‌ಮನ್ ನೇತೃತ್ವದಲ್ಲಿ 302 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ, ತುರ್ತಾಗಿ ನಾಳ ತೆರೆದವರ ಪೈಕಿ ಆರು ತಿಂಗಳಲ್ಲಿ ಶೇ 50.3 ಜನ ತೀರಿಕೊಂಡರು. ಮೊದಲು ಔಷಧಿ ಕೊಟ್ಟು ಕಾದು ನೋಡಿದವರಲ್ಲಿ ಅದು ಶೇ 63.1. ಈ ಲಾಭವೂ ಪಂಪ್ ಕೊಡುವ ಲಾಭವೂ ಬಹುತೇಕ ಒಂದೇ ಅಳತೆಯದು.

ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು 2025ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಹೀಗೇ ಹೇಳುತ್ತದೆ: ಆರಿಸಿದ ರೋಗಿಗಳಿಗೆ ಇಂಥ ಪಂಪ್ ಹಾಕುವುದು ಸರಿ. ಎಲ್ಲ ಶಾಕ್ ರೋಗಿಗಳಿಗೂ ರೂಢಿಯಂತೆ ಬಲೂನ್ ಅಥವಾ ಎಕ್ಮೋ ಹಾಕುವುದು ಬೇಡ.

ನಮ್ಮ ದಾರಿಯ ಲೆಕ್ಕ

ಈಗ ಊರಿಗೆ ಬರೋಣ. ಹುಮನಾಬಾದಿನಿಂದ ಕಲಬುರಗಿ ಸುಮಾರು 60 ಕಿ.ಮೀ., ಬೀದರ್ ಸುಮಾರು 50 ಕಿ.ಮೀ. ಬಸವಕಲ್ಯಾಣದಿಂದ ಎರಡೂ ಕಡೆಗೆ 80 ಕಿ.ಮೀ. ಆಸುಪಾಸು. ಸೋಲಾಪುರ, ಹೈದರಾಬಾದ್ ಎರಡೂ 100 ಕಿ.ಮೀ. ದಾಟುತ್ತವೆ. ಇದು ಪಟ್ಟಣದ ಲೆಕ್ಕ. ಮುಡಬಿ, ರಾಜೇಶ್ವರ, ಹುಲಸೂರ, ಹಳ್ಳಿಖೇಡ, ಘಾಟಬೋರಾಳದ ಮನೆಯಿಂದ ಲೆಕ್ಕ ಹಾಕಿದರೆ ಅದು ಬೇರೆಯೇ ಆಗುತ್ತದೆ.

ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆ ಈ ಭಾಗಕ್ಕೆ ದೊಡ್ಡ ಆಸರೆ. ಮೊದಲು ಜಿಮ್ಸ್ ಕಟ್ಟಡದಲ್ಲಿ ನಡೆಯುತ್ತಿದ್ದ ಶಾಖೆಗೆ 2024ರ ಡಿಸೆಂಬರ್‌ನಲ್ಲಿ ಸ್ವಂತ ಕಟ್ಟಡ ಆಯಿತು. 371(ಜೆ) ವಿಧಿಯ ನೆನಪಿಗೆ 371 ಹಾಸಿಗೆ ಇಟ್ಟಿದ್ದಾರೆ. ಮೊದಲು ಹೈದರಾಬಾದ್, ಸೋಲಾಪುರ ಎಂದು ಓಡುತ್ತಿದ್ದ ಬೀದರ್ ಜಿಲ್ಲೆಯ ಬಡ ರೋಗಿಗೆ ಇದರಿಂದ ದಾರಿಯೂ ಕಡಿಮೆ ಆಯಿತು, ದುಡ್ಡೂ ಕಡಿಮೆ ಆಯಿತು.

ಆದರೆ ಹಾರ್ಟ್ ಅಟ್ಯಾಕ್ ಚಿಕಿತ್ಸೆಯಲ್ಲಿ ಎಲ್ಲ ದೇಶದ ವೈದ್ಯರೂ ಒಪ್ಪುವ ಒಂದು ಗಡಿ ಇದೆ. ಇಸಿಜಿಯಲ್ಲಿ ಅಟ್ಯಾಕ್ ಖಚಿತ ಆದ 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ ಆಗುವ ಹಾಗಿದ್ದರೆ ನೇರ ಅಲ್ಲಿಗೇ ಒಯ್ಯಬೇಕು. ಆಗುವುದಿಲ್ಲ ಎಂದಾದರೆ ಇದ್ದ ಆಸ್ಪತ್ರೆಯಲ್ಲೇ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಟ್ಟು, ಆಮೇಲೆ ಸಾಗಿಸಬೇಕು. ಬಸವಕಲ್ಯಾಣದಿಂದ ಲೆಕ್ಕ ಹಾಕಿ. ಆಂಬುಲೆನ್ಸ್ ಕರೆಸಿ ರೋಗಿಯನ್ನು ಹತ್ತಿಸಲು ಅರ್ಧ ಗಂಟೆ, ದಾರಿ ಒಂದೂವರೆ ಗಂಟೆ, ಅಲ್ಲಿ ಕ್ಯಾಥ್ ಲ್ಯಾಬ್ ಸಿದ್ಧವಾಗಿ ನಾಳದೊಳಗೆ ತಂತಿ ಹೋಗಲು ಮತ್ತೆ ಅರ್ಧ ಮುಕ್ಕಾಲು ಗಂಟೆ. ಎಲ್ಲ ಸರಿ ಇದ್ದರೂ 120 ನಿಮಿಷ ದಾಟುತ್ತದೆ. ಹುಮನಾಬಾದಿನಿಂದ ಕೂದಲೆಳೆಯ ಅಂತರ. ರಾತ್ರಿ ಹೊತ್ತು, ಮಳೆ, ಕಬ್ಬಿನ ಟ್ರ್ಯಾಕ್ಟರ್ ಸಾಲು ಸೇರಿದರೆ ಅಲ್ಲಿಂದಲೂ ದಾಟುತ್ತದೆ.

ಹಾಗಾಗಿ ಎರಡು ತಾಲ್ಲೂಕುಗಳ ಬಹುತೇಕ ರೋಗಿಗಳಿಗೆ ಸರಿಯಾದ ದಾರಿ ಒಂದೇ: ತಾಲ್ಲೂಕು ಆಸ್ಪತ್ರೆಯಲ್ಲೇ ಇಂಜೆಕ್ಷನ್, ಕೂಡಲೇ ಕಲಬುರಗಿ ಅಥವಾ ಕ್ಯಾಥ್ ಲ್ಯಾಬ್ ನಡೆಯುತ್ತಿರುವ ಹತ್ತಿರದ ಆಸ್ಪತ್ರೆ.

ಪುನೀತ್ ಹೆಸರಿನ ಯೋಜನೆ ಇರುವುದೇ ಇದಕ್ಕೆ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗ ಇಡೀ ರಾಜ್ಯ ಹೃದಯದ ಬಗ್ಗೆ ಮಾತಾಡಲು ಶುರುಮಾಡಿತು. 2023ರಲ್ಲಿ ರಾಜ್ಯ ಸರ್ಕಾರ ಅವರ ಹೆಸರಲ್ಲಿ ಹೃದಯ ಜ್ಯೋತಿ ಯೋಜನೆ ತಂತು. ತಾಲ್ಲೂಕು, ಜಿಲ್ಲಾ ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಆನ್‌ಲೈನ್‌ನಲ್ಲಿ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಹೋಗುತ್ತದೆ. ಅಟ್ಯಾಕ್ ಎಂದು ಖಚಿತವಾದರೆ ಟೆನೆಕ್ಟೆಪ್ಲೇಸ್ ಎಂಬ ಗಡ್ಡೆ ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಹೊರಗೆ ಇದಕ್ಕೆ ಸಾವಿರಾರು ರೂಪಾಯಿ ಆಗುತ್ತದೆ. ಒಂದೇ ಬಾರಿ ನರಕ್ಕೆ ಕೊಡುವ ಡೋಸ್ ಆದ್ದರಿಂದ ತಾಲ್ಲೂಕು ಆಸ್ಪತ್ರೆಯಲ್ಲೂ ಕೊಡಲು ತೊಡಕಿಲ್ಲ.

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಎಲ್ಲೆಡೆ ಭಯ ಹುಟ್ಟಿಸಿತು. ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಪರಿಶೀಲಿಸಿ, ಕೋವಿಡ್ ಲಸಿಕೆಗೂ ಈ ಸಾವುಗಳಿಗೂ ಸಂಬಂಧ ಕಂಡಿಲ್ಲ ಎಂದಿತು. ಆ ಹೊತ್ತಲ್ಲೇ ಹೃದಯ ಜ್ಯೋತಿಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ ಹೇಳಿತು. ಬಸವಕಲ್ಯಾಣ, ಹುಮನಾಬಾದ್ ಜನ ಹಿಡಿದುಕೊಳ್ಳಬೇಕಾದ ಮಾತು ಇದೇ.

ಈ ಇಂಜೆಕ್ಷನ್‌ಗೂ ಮಿತಿ ಇದೆ. ನೋವು ಶುರುವಾದ ಮೊದಲ ಎರಡು ಮೂರು ಗಂಟೆಯಲ್ಲಿ ಕೊಟ್ಟರೆ ಫಲ ಹೆಚ್ಚು, ಗಂಟೆ ಕಳೆದಂತೆ ಇಳಿಯುತ್ತದೆ. 12 ಗಂಟೆ ದಾಟಿದರೆ ಸಾಮಾನ್ಯವಾಗಿ ಕೊಡುವುದಿಲ್ಲ. ರೋಗಿ ಆಗಲೇ ಶಾಕ್‌ಗೆ ಹೋಗಿದ್ದರೆ ಬಿಪಿ ಇಲ್ಲದ ಕಾರಣ ಔಷಧಿ ಗಡ್ಡೆಯವರೆಗೆ ಸರಿಯಾಗಿ ಮುಟ್ಟುವುದೂ ಇಲ್ಲ. ಕೊಟ್ಟ ಮೇಲೂ ಕೆಲವರಲ್ಲಿ ನಾಳ ತೆರೆದುಕೊಳ್ಳುವುದಿಲ್ಲ. ಅದಕ್ಕೇ "ಇಂಜೆಕ್ಷನ್ ಆಯ್ತು, ಮುಂಜಾನೆ ನೋಡೋಣ" ಎಂದು ತಾಲ್ಲೂಕಿನಲ್ಲೇ ಮಲಗಿಸಬಾರದು. ಇಂಜೆಕ್ಷನ್ ಆದ ಕೂಡಲೇ ಗಾಡಿ ಹೊರಡಬೇಕು.

ಗಂಟೆಗಳು ಎಲ್ಲಿ ಹೋಗ್ತಾವ?

ಶಾಕ್ ಒಮ್ಮೆಲೇ ಆಕಾಶದಿಂದ ಬೀಳುವುದಲ್ಲ. ಕೆಲವರಿಗೆ ಅಟ್ಯಾಕ್ ಜೊತೆಗೇ ಬರುತ್ತದೆ ನಿಜ. ಆದರೆ ಬಹಳ ಜನರಲ್ಲಿ ಅದು ಆಮೇಲೆ, ನಾಳ ಮುಚ್ಚಿಕೊಂಡೇ ಗಂಟೆಗಳು ಉರುಳಿದಾಗ ಬರುತ್ತದೆ. ಆ ಗಂಟೆಗಳು ಎಲ್ಲಿ ಹೋಗುತ್ತವೆ ಎಂದು ಊರಿನ ಯಾರನ್ನು ಕೇಳಿದರೂ ಗೊತ್ತು.

ಮೊದಲ ಗಂಟೆ "ಗ್ಯಾಸ್ ಆಗ್ಯದ" ಎನ್ನುವುದರಲ್ಲಿ ಹೋಗುತ್ತದೆ. ಸೋಡಾ, ಜೀರಿಗೆ ನೀರು, ಮೆಡಿಕಲ್ ಅಂಗಡಿಯ ಗ್ಯಾಸ್ ಗುಳಿಗೆ. ಅಂಗಡಿಯವರಾದರೆ "ಗಿರಾಕಿ ಟೈಮ್ ಅದ, ಕಡೀಗಿ ಹೋಗ್ತೀನಿ" ಎಂದು ಗಲ್ಲಾ ಬಿಟ್ಟು ಏಳುವುದಿಲ್ಲ. ಶುಗರ್ ಇರುವವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಎದೆನೋವೇ ಬಾರದೆ ಬರೀ ಉಸಿರು ಕಟ್ಟುವುದು, ಬೆವರು, ವಾಂತಿ, ಗದ್ದ ಅಥವಾ ಎಡಗೈ ಜಗ್ಗುವುದು ಇಷ್ಟೇ ಇರಬಹುದು. ಅವರ ಮಾತು ಇನ್ನೂ ತಡವಾಗಿ ಕಿವಿಗೆ ಬೀಳುತ್ತದೆ.

ಎರಡನೇ ಗಂಟೆ ಇಸಿಜಿ ಇಲ್ಲದ ಕ್ಲಿನಿಕ್‌ನಲ್ಲಿ ಸಲೈನ್ ಹಚ್ಚಿಸಿಕೊಂಡು ಮಲಗುವುದರಲ್ಲಿ ಹೋಗುತ್ತದೆ. ಸೋತ ಹೃದಯಕ್ಕೆ ಬಾಟಲಿ ಮೇಲೆ ಬಾಟಲಿ ಸಲೈನ್ ಏರಿಸಿದರೆ ನೀರು ಶ್ವಾಸಕೋಶದಲ್ಲಿ ನಿಂತು ಉಸಿರೇ ಕಟ್ಟಬಹುದು. ಯಾರಿಗೆ, ಎಷ್ಟು ಎಂಬುದನ್ನು ಇಸಿಜಿ, ಬಿಪಿ ನೋಡಿಯೇ ತೀರ್ಮಾನಿಸಬೇಕು.

ಇದರ ಜೊತೆಗೆ ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ಗುಳಿಗೆಯ ರೂಢಿ. ಮನೆಯಲ್ಲಿ ಹಿರಿಯರಿಗೆ ಬರೆದುಕೊಟ್ಟದ್ದನ್ನು ಎದೆನೋವು ಅಂದವರಿಗೆಲ್ಲ ಕೊಡುತ್ತಾರೆ. ಆ ಗುಳಿಗೆ ಬಿಪಿ ಇಳಿಸುತ್ತದೆ. ಮೈ ತಣ್ಣಗಾಗಿ ಬಿಪಿ ಕುಸಿದಿರುವ ರೋಗಿಗೆ ಅದನ್ನು ಇಟ್ಟರೆ ಶಾಕ್ ಇನ್ನೂ ಆಳಕ್ಕೆ ಹೋಗುತ್ತದೆ. ಬಿಪಿ ನೋಡದೆ, ವೈದ್ಯರು ಹೇಳದೆ ಅದನ್ನು ಕೊಡಬಾರದು.

ಮೂರನೇ ಗಂಟೆ "ಬೀದರಾ, ಕಲಬುರಗೀನಾ, ಹೈದರಾಬಾದಾ?" ಎಂಬ ಚರ್ಚೆಯಲ್ಲಿ ಹೋಗುತ್ತದೆ. ಪರಿಚಯದ ಡಾಕ್ಟರ್ ಎಲ್ಲಿದ್ದಾರೆ, ಅಳಿಯ ಯಾವ ಊರಲ್ಲಿದ್ದಾನೆ, ದುಡ್ಡು ಎಲ್ಲಿಂದ ತರೋದು ಎಂದು ಫೋನ್ ಓಡಾಡುತ್ತವೆ. ಕಡೆಗೆ ಪರಿಚಯದವರ ಕಾರಿನ ಹಿಂದಿನ ಸೀಟಿನಲ್ಲಿ ಒರಗಿಸಿ, ಇಸಿಜಿಯೂ ಇಲ್ಲದೆ, ಇಂಜೆಕ್ಷನ್ನೂ ಇಲ್ಲದೆ ಸಸ್ತಾಪುರ ಬಂಗ್ಲಾ ದಾಟಿ ಹೆದ್ದಾರಿ ಹಿಡಿಯುತ್ತಾರೆ. "ದೊಡ್ಡ ದವಾಖಾನಿಗಿ ಒಯ್ದೀವಿ" ಎಂಬ ಸಮಾಧಾನ ಮನೆಯವರಿಗೆ. ಹೃದಯಕ್ಕೆ ಮಾತ್ರ ಆ ನೂರೆಪ್ಪತ್ತು ಕಿಲೋಮೀಟರಿನಲ್ಲಿ ಏನೂ ಸಿಕ್ಕಿರುವುದಿಲ್ಲ. ಹೈದರಾಬಾದ್ ಮುಟ್ಟುವ ಹೊತ್ತಿಗೆ ಪಂಪ್ ಹಾಕುವ ಪ್ರಶ್ನೆ ಬರುವುದು ಈ ದಾರಿಯಿಂದಲೇ.

ತಾಲ್ಲೂಕಿಗೆ ಬೇಕಾದ ಸಾಮಾನು ದುಬಾರಿಯಲ್ಲ

ಇಂಪೆಲ್ಲಾ ತಾಲ್ಲೂಕು ಆಸ್ಪತ್ರೆಗೆ ಬರುವ ಮಾತೇ ಇಲ್ಲ, ಬರಬೇಕಾಗಿಯೂ ಇಲ್ಲ. ಕ್ಯಾಥ್ ಲ್ಯಾಬ್, ಹೃದ್ರೋಗ ತಜ್ಞರು, ಹೃದಯ ಶಸ್ತ್ರಚಿಕಿತ್ಸಕರು, ರಕ್ತನಿಧಿ, ಡಯಾಲಿಸಿಸ್ ಎಲ್ಲವೂ ಒಂದೇ ಸೂರಿನಡಿ ಇರುವ ಕಡೆಯೇ ಅದಕ್ಕೆ ಅರ್ಥ. ಆದರೆ ಅಂಥ ಕಡೆಗೆ ರೋಗಿ ಜೀವಂತ ಮುಟ್ಟಬೇಕಾದರೆ ತಾಲ್ಲೂಕಿನಲ್ಲಿ ಇರಬೇಕಾದ್ದು ಸಾಮಾನ್ಯ ಸಾಮಾನು.

ಎದೆನೋವು ಎಂದು ಬಂದವರಿಗೆ ಚೀಟಿ, ಕ್ಯೂ ಇಲ್ಲದೆ 10 ನಿಮಿಷದಲ್ಲಿ ಇಸಿಜಿ. ದಿನದ 24 ಗಂಟೆಯೂ ಅದನ್ನು ತೆಗೆಯಲು ಬರುವ ಒಬ್ಬರು. ಫ್ರಿಜ್‌ನಲ್ಲಿ ಅವಧಿ ಮುಗಿಯದ ಟೆನೆಕ್ಟೆಪ್ಲೇಸ್. ಹೃದಯ ದಿಢೀರ್ ನಿಂತರೆ ಕರೆಂಟ್ ಕೊಡುವ ಡಿಫಿಬ್ರಿಲೇಟರ್. ಬಿಪಿ ಹಿಡಿದಿಡುವ ನಾರ್‌ಅಡ್ರಿನಲಿನ್ ಔಷಧಿ, ಅದನ್ನು ಹನಿ ಹನಿಯಾಗಿ ಅಳತೆಗೆ ಬಿಡುವ ಸಿರಿಂಜ್ ಪಂಪ್. ಇಂಪೆಲ್ಲಾದ ಒಂದು ಪಂಪ್ ಒಬ್ಬ ರೋಗಿಗೆ ಬಳಸಿ ಬಿಸಾಡುವಂಥದ್ದು, ಬೆಲೆ ಲಕ್ಷಗಟ್ಟಲೆ. ಸಿರಿಂಜ್ ಪಂಪ್ ಅದಕ್ಕೆ ಹೋಲಿಸಿದರೆ ಚಿಲ್ಲರೆ ಕಾಸು, ವರ್ಷಗಟ್ಟಲೆ ನಡೆಯುತ್ತದೆ.

ಸಾಗಿಸುವ ಗಾಡಿಯ ಮಾತೂ ಅಷ್ಟೇ ಮುಖ್ಯ. 2008ರ ನವೆಂಬರ್ 1ರಿಂದ ರಾಜ್ಯದಲ್ಲಿ 108 ಆರೋಗ್ಯ ಕವಚ ಇದೆ. ಆದರೆ ಶಾಕ್ ರೋಗಿಗೆ ಬರೀ ಸ್ಟ್ರೆಚರ್, ಸೈರನ್ ಸಾಲದು. ಮಾನಿಟರ್, ಡಿಫಿಬ್ರಿಲೇಟರ್, ಆಮ್ಲಜನಕ ಮತ್ತು ಅವನ್ನು ಬಳಸಲು ಬರುವ ಸಿಬ್ಬಂದಿ ಇರುವ ಸುಸಜ್ಜಿತ ಆಂಬುಲೆನ್ಸ್ ಬೇಕು. ಗಾಡಿ ಹೊರಡುವಾಗಲೇ ಮುಂದಿನ ಆಸ್ಪತ್ರೆಗೆ ಫೋನ್ ಹೋಗಬೇಕು: ರೋಗಿಯ ವಯಸ್ಸು, ಬಿಪಿ ಎಷ್ಟು, ಇಂಜೆಕ್ಷನ್ ಎಷ್ಟು ಗಂಟೆಗೆ ಕೊಟ್ಟಿದೆ, ಶಾಕ್ ಇದೆಯೋ ಇಲ್ಲವೋ. ಈ ಒಂದು ಫೋನಿನಿಂದ ಅಲ್ಲಿ ತಂಡ ಸಿದ್ಧವಾಗಿರುತ್ತದೆ, ಅರ್ಧ ಗಂಟೆ ಉಳಿಯುತ್ತದೆ.

ಬೀದರ್‌ಗೆ ಒಯ್ಯುವುದಾದರೂ ಇದೇ ನಿಯಮ. ಕಟ್ಟಡದಲ್ಲಿ ಕ್ಯಾಥ್ ಲ್ಯಾಬ್ ಇದ್ದರೆ ಸಾಲದು, ರಾತ್ರಿ ಎರಡು ಗಂಟೆಗೂ ಅದನ್ನು ನಡೆಸುವ ತಂಡ ಇರಬೇಕು. ಅದನ್ನು ಖಚಿತ ಮಾಡಿಕೊಂಡೇ ಗಾಡಿ ತಿರುಗಿಸಬೇಕು. ಮೂರು ಆಸ್ಪತ್ರೆ ಸುತ್ತಿ ಕೊನೆಗೆ ಮುಟ್ಟುವುದೇ ಶಾಕ್ ರೋಗಿಗೆ ದೊಡ್ಡ ಅಪಾಯ.

"ಮಷೀನ್ ಹಾಕ್ಬೇಕು" ಅಂದಾಗ ಏನು ಕೇಳಬೇಕು?

ದೊಡ್ಡ ಆಸ್ಪತ್ರೆಯಲ್ಲಿ ಆ ಮಾತು ಬಂದರೆ ಗಾಬರಿಯಲ್ಲಿ ಹೂಂ ಎನ್ನುವುದಕ್ಕೂ, ಅನುಮಾನದಲ್ಲಿ ಜಗಳ ತೆಗೆಯುವುದಕ್ಕೂ ಮೊದಲು ನಾಲ್ಕು ಪ್ರಶ್ನೆ ಕೇಳಬಹುದು. ಯಾವ ಮಷೀನ್: ಬಲೂನಾ, ಇಂಪೆಲ್ಲಾನಾ, ಎಕ್ಮೋನಾ? ಮುಚ್ಚಿದ ನಾಳ ತೆರೆದಾಗಿದೆಯಾ, ಯಾವಾಗ ತೆರೆಯುತ್ತೀರಿ? ರೋಗಿಗೆ ಪ್ರಜ್ಞೆ ಇದೆಯಾ, ಬೇರೆ ಅಂಗಗಳ ಸ್ಥಿತಿ ಏನು? ಈ ಖರ್ಚು ಕಾರ್ಡ್‌ನಲ್ಲಿ ಸೇರುತ್ತದಾ, ಹೊರಗೆ ಎಷ್ಟು ಕಟ್ಟಬೇಕು? ಒಳ್ಳೆಯ ವೈದ್ಯರು ಇವಕ್ಕೆ ಎರಡು ನಿಮಿಷದಲ್ಲಿ ಉತ್ತರ ಕೊಡುತ್ತಾರೆ.

ಬಲೂನ್ ಹೆಸರು ಕೇಳಿದ ಕೂಡಲೇ "ದುಡ್ಡು ಹೊಡೀಲಾಕ ಹಾಕ್ಯಾರ" ಅನ್ನುವುದೂ ತಪ್ಪು. ಹೃದಯದ ನಡುಗೋಡೆ ಹರಿದಾಗ, ಕವಾಟ ಕಿತ್ತುಬಂದಾಗ ಆಪರೇಷನ್ ಆಗುವವರೆಗೆ ರೋಗಿಯನ್ನು ಹಿಡಿದಿಡಲು ಇವತ್ತಿಗೂ ಬಲೂನ್ ಬಳಸುತ್ತಾರೆ. ಎಲ್ಲರಿಗೂ ರೂಢಿಯಂತೆ ಬೇಡ ಎಂದರೆ ಯಾರಿಗೂ ಬೇಡ ಎಂದಲ್ಲ.

ದುಡ್ಡಿನ ಲೆಕ್ಕಕ್ಕೆ ಬಂದರೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಗರಿಷ್ಠ 1.5 ಲಕ್ಷ. ತುರ್ತು ಸ್ಥಿತಿಯಲ್ಲಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇಲ್ಲದೆಯೇ ನೋಂದಾಯಿತ ಆಸ್ಪತ್ರೆಗೆ ಹೋಗಬಹುದು. ಸಣ್ಣ ವ್ಯಾಪಾರಿಗಳಲ್ಲಿ ಬಹಳ ಜನ ಎಪಿಎಲ್ ಪಟ್ಟಿಯಲ್ಲಿರುವುದರಿಂದ ಅವರ ಕೈಯಿಂದಲೇ ಹೆಚ್ಚು ಹೋಗುತ್ತದೆ. ಗಡಿ ದಾಟಿ ಸೋಲಾಪುರ, ಹೈದರಾಬಾದಿಗೆ ಹೋಗುವ ಮುನ್ನ ಕಾರ್ಡ್ ಅಲ್ಲಿ ನಡೆಯುತ್ತದಾ ಎಂದು ಆಸ್ಪತ್ರೆಗೆ ಫೋನ್ ಮಾಡಿ ಕೇಳುವುದು ಒಳ್ಳೆಯದು. 104 ಸಹಾಯವಾಣಿಯಲ್ಲೂ ವಿಚಾರಿಸಬಹುದು.

ಜನ ಕೇಳಬೇಕಾದ್ದು

ಕ್ಯಾಥ್ ಲ್ಯಾಬ್ ಬೇಕು, ದೊಡ್ಡ ಆಸ್ಪತ್ರೆ ಬೇಕು ಎಂಬ ಬೇಡಿಕೆ ಚುನಾವಣೆ ಬಂದಾಗಲೆಲ್ಲ ಕೇಳುತ್ತದೆ. ಅದು ಇರಲಿ. ಅದಕ್ಕಿಂತ ಮೊದಲು ಎರಡೂ ತಾಲ್ಲೂಕು ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿ ಸಭೆಯಲ್ಲಿ, ವ್ಯಾಪಾರಿ ಸಂಘಗಳಿಂದ, ಗ್ರಾಮ ಪಂಚಾಯಿತಿಗಳಿಂದ ಕೇಳಬಹುದಾದ ಸಣ್ಣ ಪ್ರಶ್ನೆಗಳಿವೆ. ಹೃದಯ ಜ್ಯೋತಿ ಇಂಜೆಕ್ಷನ್ ಇವತ್ತು ಎಷ್ಟು ಡೋಸ್ ಸ್ಟಾಕ್ ಇದೆ? ಕಳೆದ ತಿಂಗಳು ಎದೆನೋವಿನಿಂದ ಬಂದವರು ಎಷ್ಟು, ಇಸಿಜಿಗೆ ಸರಾಸರಿ ಎಷ್ಟು ನಿಮಿಷ ಆಯಿತು, ಇಂಜೆಕ್ಷನ್ ಎಷ್ಟು ಜನರಿಗೆ ಕೊಟ್ಟರು? ಕಲಬುರಗಿಗೆ ಕಳಿಸಿದವರಲ್ಲಿ ಎಷ್ಟು ಜನ ಮುಟ್ಟಿದರು? ರಾತ್ರಿ ಪಾಳಿಯಲ್ಲಿ ಇಸಿಜಿ ತೆಗೆಯುವವರು ಯಾರು? ಮಾನಿಟರ್ ಇರುವ ಆಂಬುಲೆನ್ಸ್ ಯಾವ ಊರಿನಲ್ಲಿ ನಿಂತಿರುತ್ತದೆ?

ಈ ಲೆಕ್ಕ ಪ್ರತಿ ತಿಂಗಳು ಆಸ್ಪತ್ರೆಯ ಗೋಡೆಗೆ ಹಚ್ಚಿದರೆ ಸುಧಾರಣೆ ತಾನಾಗಿ ಶುರುವಾಗುತ್ತದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಎರಡು ಸಿರಿಂಜ್ ಪಂಪ್, ಒಂದು ಡಿಫಿಬ್ರಿಲೇಟರ್ ಕೇಳುವುದು ದೊಡ್ಡ ಬೇಡಿಕೆ ಏನಲ್ಲ.

ಮನೆ, ಅಂಗಡಿ ಮಟ್ಟದಲ್ಲಿ ನೆನಪಿಡುವುದು ಇಷ್ಟು. ಎದೆ ಬಿಗಿತ, ಬೆವರು, ಉಸಿರಾಟದ ತೊಂದರೆ 10 ನಿಮಿಷ ದಾಟಿದರೆ ಅದು ಗ್ಯಾಸೋ ಹಾರ್ಟೋ ಎಂದು ತೀರ್ಮಾನ ಮಾಡುವುದು ಇಸಿಜಿ ಕೆಲಸ, ಪಕ್ಕದ ಅಂಗಡಿಯವರದ್ದಲ್ಲ. 108ಕ್ಕೆ ಫೋನ್ ಮಾಡಿ, ಗಾಡಿ ತಡ ಆಗುವುದಾದರೆ ಸಿಕ್ಕ ವಾಹನದಲ್ಲಿ ಮೊದಲು ತಾಲ್ಲೂಕು ಆಸ್ಪತ್ರೆಗೇ ಹೋಗಬೇಕು. ರೋಗಿಯನ್ನು ನಡೆಸಬಾರದು, ಬೈಕ್ ಮೇಲೆ ನಡುವೆ ಕೂರಿಸಿಕೊಂಡು ಹೋಗಬಾರದು. ನೋವು ಶುರುವಾದ ಗಂಟೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು, ಮುಂದಿನ ಪ್ರತಿ ವೈದ್ಯರೂ ಕೇಳುವ ಮೊದಲ ಪ್ರಶ್ನೆ ಅದೇ. ಇಸಿಜಿ ಪಟ್ಟಿ, ಆಯುಷ್ಮಾನ್ ಕಾರ್ಡ್, ಆಧಾರ್, ನಡೆಯುತ್ತಿರುವ ಗುಳಿಗೆಗಳು ಜೊತೆಗಿರಲಿ.